ಅಕ್ಯುಪ್ರೆಶರ್: ಎಲ್ಲಿಯವರೆಗೆ ನಂಬಬಹುದು?

ಅಂಗಾಲಿನ ಚಿತ್ರ ಬರೆದು ಹೃದಯ ಇಲ್ಲಿದೆ, ಮೂತ್ರಪಿಂಡ ಅಲ್ಲಿದೆ ಎಂದು ಗುರುತು ಹಾಕಿದ ಪಟವನ್ನು ನೀವೂ ನೋಡಿರಬಹುದು. ಮರದ ರೋಲರ್, ಮೊನೆಗಳಿರುವ ಚಪ್ಪಲಿ, ಬೆರಳಿಗೆ ಹಾಕಿ ಉರುಳಿಸುವ ತಂತಿಯ ಉಂಗುರ ಇಂದು ಅನೇಕ ಮನೆಗಳಲ್ಲಿವೆ. ಬೆರಳಿನ ತುದಿಗೆ ಮೆಂತೆ ಕಾಳು ಇಟ್ಟು ಪ್ಲಾಸ್ಟರ್ ಅಂಟಿಸಿಕೊಳ್ಳುವವರೂ ಇದ್ದಾರೆ. ಇದರಲ್ಲಿ ಸೂಜಿ ಇಲ್ಲ, ಕಹಿ ಔಷಧಿ ಇಲ್ಲ, ಖರ್ಚೂ ಕಡಿಮೆ. ಪುರುಷ ವೈದ್ಯರ ಮುಂದೆ ಕಾಯಿಲೆ ಹೇಳಿಕೊಳ್ಳಲು ಸಂಕೋಚಪಡುವ ನಮ್ಮ ಹೆಣ್ಣುಮಕ್ಕಳಿಗಂತೂ ಮನೆಯಲ್ಲೇ ಮಾಡಿಕೊಳ್ಳಬಹುದಾದ ಈ ವಿಧಾನ ದೊಡ್ಡ ಅನುಕೂಲವಾಗಿ ಕಾಣುತ್ತದೆ.

ಇದರಿಂದ ನಿಜವಾಗಿ ಪ್ರಯೋಜನವಿದೆಯೇ? ಕೆಲವು ತೊಂದರೆಗಳನ್ನು ಶಮನಗೊಳಿಸಲು ಇದೆ, ರೋಗವನ್ನು ಗುಣಪಡಿಸಲು ಇಲ್ಲ ಎಂಬುದು ನನ್ನ ಅಭಿಪ್ರಾಯ. ಈ ವ್ಯತ್ಯಾಸವನ್ನು ಮರೆತಾಗಲೇ ಅಪಾಯ ಶುರುವಾಗುತ್ತದೆ.

ಮೊದಲಿಗೆ, ನಾವು ಅಕ್ಯುಪ್ರೆಶರ್ ಎಂದು ಕರೆಯುತ್ತಿರುವುದು ಒಂದೇ ಪದ್ಧತಿಯಲ್ಲ. ಅಕ್ಯುಪಂಕ್ಚರ್‌ನಲ್ಲಿ ಸೂಜಿ ಚುಚ್ಚುವ ಬಿಂದುಗಳನ್ನೇ ಬೆರಳಿನಿಂದ ಒತ್ತುವುದು ಚೀನಾದ ಹಳೆಯ ಕ್ರಮ. ಅಂಗಾಲಿನ ಪಟ ಬೇರೆಯೇ. ಅದರ ಮೂಲ ಅಮೆರಿಕದ ವೈದ್ಯ ವಿಲಿಯಂ ಫಿಟ್ಜ್‌ಜೆರಾಲ್ಡ್ 1917ರಲ್ಲಿ ಬರೆದ ಪುಸ್ತಕದಲ್ಲಿದೆ. 1930ರ ದಶಕದಲ್ಲಿ ಯೂನಿಸ್ ಇಂಗ್‌ಹ್ಯಾಮ್ ಎಂಬ ಮಹಿಳೆ ಅದನ್ನು ಪಾದಕ್ಕೆ ಹೊಂದಿಸಿ ಬೆಳೆಸಿದರು. ಮೆಂತೆ ಕಾಳಿನ ಸುಜೋಕ್ ಪದ್ಧತಿಯಂತೂ 1987ರ ಸುಮಾರಿಗೆ ದಕ್ಷಿಣ ಕೊರಿಯಾದ ಪಾರ್ಕ್ ಜೇ-ವೂ ಅವರಿಂದ ಬಂದದ್ದು. ಆದ್ದರಿಂದ 'ಸಾವಿರಾರು ವರ್ಷಗಳ ಚಿಕಿತ್ಸೆ' ಎಂಬ ಮಾತು ಇವೆಲ್ಲಕ್ಕೂ ಅನ್ವಯಿಸುವುದಿಲ್ಲ. ಅಲ್ಲದೆ ಹಳೆಯದು ಎಂಬ ಕಾರಣಕ್ಕೇ ಒಂದು ಚಿಕಿತ್ಸೆ ಸರಿಯಾಗುವುದೂ ಇಲ್ಲ. ಪರೀಕ್ಷೆಯಲ್ಲಿ ಅದು ಗೆಲ್ಲಬೇಕು.

ಕೆಲವು ಪರೀಕ್ಷೆಗಳಲ್ಲಿ ಅಕ್ಯುಪ್ರೆಶರ್ ಗೆದ್ದಿದೆ ಎಂಬುದನ್ನು ಒಪ್ಪಲೇಬೇಕು. ಮಣಿಕಟ್ಟಿನ ಒಳಭಾಗದ ಗೆರೆಯಿಂದ ಮೂರು ಬೆರಳು ಮೇಲೆ, ಎರಡು ಹುರಿಗಳ ನಡುವೆ ಒಂದು ಬಿಂದು ಇದೆ. ಶಸ್ತ್ರಚಿಕಿತ್ಸೆಯ ಬಳಿಕ ಬರುವ ವಾಕರಿಕೆ, ವಾಂತಿಗೆ ಈ ಬಿಂದುವಿನ ಉತ್ತೇಜನ ಉಪಯುಕ್ತವೇ ಎಂದು ನೋಡಲು 2015ರಲ್ಲಿ ಕಾಕ್ರೇನ್ ಸಂಸ್ಥೆ 59 ಅಧ್ಯಯನಗಳನ್ನು ಪರಿಶೀಲಿಸಿತು. ಸೂಜಿ, ವಿದ್ಯುತ್ ಸ್ಪರ್ಶ, ಬೆರಳಿನ ಒತ್ತಡ ಎಲ್ಲವೂ ಸೇರಿ 7667 ಜನರ ಮೇಲೆ ನಡೆದ ಪ್ರಯೋಗಗಳವು. ಸುಮ್ಮನೆ ತೋರಿಕೆಗೆ ಮಾಡಿದ ಚಿಕಿತ್ಸೆಗಿಂತ ಇದರಿಂದ ವಾಂತಿ ಕಡಿಮೆಯಾಯಿತು. ಆದರೆ ಪುರಾವೆಯ ಗುಣಮಟ್ಟ ಉತ್ತಮವಾಗಿಲ್ಲ ಎಂದೂ ಅವರೇ ಹೇಳಿದ್ದಾರೆ. ಗರ್ಭಿಣಿಯರ ವಾಕರಿಕೆ ಮತ್ತು ಪ್ರಯಾಣದ ವಾಂತಿಯ ವಿಷಯದಲ್ಲಿ ಫಲಿತಾಂಶ ಒಮ್ಮೆ ಹಾಗೆ, ಒಮ್ಮೆ ಹೀಗೆ. ಘಾಟಿಯ ತಿರುವುಗಳಲ್ಲಿ ಬಸ್ಸು ಏರುವಾಗ ಮಕ್ಕಳ ಮಣಿಕಟ್ಟು ಒತ್ತಿ ನೋಡುವುದರಲ್ಲಿ ನಷ್ಟವೇನೂ ಇಲ್ಲ.

ಬೆನ್ನುನೋವಿನಲ್ಲೂ ಇಂಥ ಒಂದು ಪ್ರಯೋಗವಿದೆ. ತೈವಾನ್‌ನಲ್ಲಿ 129 ರೋಗಿಗಳ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಫಿಸಿಯೋಥೆರಪಿ ಪಡೆದವರಿಗಿಂತ ಅಕ್ಯುಪ್ರೆಶರ್ ಪಡೆದವರಿಗೆ ಹೆಚ್ಚು ಆರಾಮ ಸಿಕ್ಕಿತು. ಆರು ತಿಂಗಳ ಬಳಿಕವೂ ಅದು ಉಳಿದಿತ್ತು. ಮುಟ್ಟಿನ ಹೊಟ್ಟೆನೋವು, ಒತ್ತಡದ ತಲೆನೋವುಗಳಲ್ಲೂ ಸಣ್ಣ ಅಧ್ಯಯನಗಳು ಸ್ವಲ್ಪ ಭರವಸೆ ನೀಡಿವೆ.

ಆದರೆ ಈ ಆರಾಮ ಬರುವುದು ಎಲ್ಲಿಂದ? ಪೆಟ್ಟು ಬಿದ್ದ ಜಾಗವನ್ನು ಉಜ್ಜಿಕೊಂಡರೆ ನೋವು ಕಡಿಮೆಯಾದಂತೆ ಅನಿಸುವುದು ನಮಗೆಲ್ಲ ಗೊತ್ತು. ಸ್ಪರ್ಶದ ಸಂದೇಶ ಬೆನ್ನುಹುರಿಯಲ್ಲಿ ನೋವಿನ ಸಂದೇಶವನ್ನು ತಡೆಯುತ್ತದೆ ಎಂದು ಮೆಲ್ಜಾಕ್ ಮತ್ತು ವಾಲ್ ಎಂಬ ವಿಜ್ಞಾನಿಗಳು 1965ರಲ್ಲಿ ವಿವರಿಸಿದರು. ಇನ್ನೊಬ್ಬರ ಅಕ್ಕರೆಯ ಕೈ, ವಿಶ್ರಾಂತಿ, ವಾಸಿಯಾಗುತ್ತದೆಂಬ ನಂಬಿಕೆ ಇವೂ ಸೇರಿಕೊಳ್ಳುತ್ತವೆ. ಜರ್ಮನಿಯಲ್ಲಿ ಬೆನ್ನುನೋವಿನ 1162 ರೋಗಿಗಳ ಮೇಲೆ ನಡೆದ ಅಕ್ಯುಪಂಕ್ಚರ್ ಅಧ್ಯಯನದ ಫಲಿತಾಂಶ 2007ರಲ್ಲಿ ಬಂತು. ಸರಿಯಾದ ಬಿಂದುವಿಗೆ ಚುಚ್ಚಿಸಿಕೊಂಡವರಲ್ಲಿ ಶೇ. 47.6, ತಪ್ಪು ಜಾಗಕ್ಕೆ ಮೇಲುಮೇಲೆ ಚುಚ್ಚಿಸಿಕೊಂಡವರಲ್ಲಿ ಶೇ. 44.2 ಮಂದಿಗೆ ಗುಣ ಕಂಡಿತು. ಮಾತ್ರೆ, ವ್ಯಾಯಾಮಗಳ ಸಾಮಾನ್ಯ ಚಿಕಿತ್ಸೆಯಲ್ಲಿ ಇದು ಶೇ. 27.4 ಮಾತ್ರ. ಅಂದರೆ ಪ್ರಯೋಜನ ಇದೆ, ಆದರೆ ಬಿಂದು ಯಾವುದೆಂಬುದು ಅಷ್ಟೇನೂ ಮುಖ್ಯವಲ್ಲ. ಹೀಗಿರುವಾಗ ಅಂಗಾಲಿನ ಇಂಥದ್ದೇ ಜಾಗ ಒತ್ತಿದರೆ ಮೂತ್ರಪಿಂಡ ಸರಿಯಾಗುತ್ತದೆ ಎಂಬುದನ್ನು ಹೇಗೆ ನಂಬುವುದು? ಪಾದದಿಂದ ಮೂತ್ರಪಿಂಡಕ್ಕೆ ಅಂಥ ನೇರ ದಾರಿ ಶರೀರದಲ್ಲಿ ಇಲ್ಲ.

ನೋವು ಮರೆಯಾಗುವುದು ಬೇರೆ, ರೋಗ ಹೋಗುವುದು ಬೇರೆ. ಸಕ್ಕರೆ ಕಾಯಿಲೆ, ಅಧಿಕ ರಕ್ತದೊತ್ತಡ, ಥೈರಾಯ್ಡ್ ಇವುಗಳಲ್ಲಿ ಬಹುಕಾಲ ನೋವೇ ಇರುವುದಿಲ್ಲ. ಆರಾಮ ಅನಿಸುತ್ತಿದೆ ಎಂದು ಮಾತ್ರೆ ಬಿಟ್ಟವರಿಗೆ ಒಳಗೆ ನಡೆಯುತ್ತಿರುವುದು ಗೊತ್ತಾಗುವುದು ಪಾರ್ಶ್ವವಾಯು ಬಡಿದಾಗ, ಇಲ್ಲವೇ ಕಣ್ಣು ಮಂಜಾದಾಗ. ಇನ್ಸುಲಿನ್ ಮೇಲೆಯೇ ಬದುಕುವ ಮಗುವಿಗೆ ಅದನ್ನು ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಪ್ರಾಣಾಪಾಯ. ಎದೆ, ದವಡೆ ಅಥವಾ ಎಡಗೈ ನೋವು ಬಂದಾಗ ಅಂಗೈ ಒತ್ತುತ್ತ ಕುಳಿತರೆ ಹೃದಯಾಘಾತದ ಅಮೂಲ್ಯ ಗಂಟೆಗಳು ಕಳೆದುಹೋಗುತ್ತವೆ. ಹೆಂಗಸರಲ್ಲಿ ಹೃದಯಾಘಾತ ಕೆಲವೊಮ್ಮೆ ಉಸಿರುಗಟ್ಟುವಿಕೆ, ವಾಕರಿಕೆ, ವಿಪರೀತ ಸುಸ್ತಿನ ರೂಪದಲ್ಲೇ ಬರುತ್ತದೆ. ಸ್ತನದಲ್ಲಿ ಗಂಟು, ಮುಟ್ಟು ನಿಂತ ಮೇಲೆ ರಕ್ತಸ್ರಾವ ಇವಾವುದನ್ನೂ ಸಂಕೋಚದಿಂದ ಮುಚ್ಚಿಡಬಾರದು. ಪುರುಷ ವೈದ್ಯರು ಬೇಡವೆಂದರೆ ಮಹಿಳಾ ವೈದ್ಯೆಯ ಬಳಿ ಕರೆದೊಯ್ಯುವುದು ಮನೆಯ ಗಂಡಸರ ಹೊಣೆ. ರೋಲರ್ ಕೊಡಿಸಿದರೆ ಆ ಹೊಣೆ ತೀರುವುದಿಲ್ಲ.

ಒತ್ತುವುದರಲ್ಲೂ ಎಚ್ಚರ ಬೇಕು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಳೆದುಕೊಂಡವರು ಮೊನೆ ಚಪ್ಪಲಿ ಹಾಕಲೇಬಾರದು. ಆಗುವ ಗಾಯ ಅವರಿಗೆ ತಿಳಿಯುವುದಿಲ್ಲ, ಬೇಗ ಮಾಯುವುದೂ ಇಲ್ಲ. ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ ತಿಕ್ಕಬೇಡಿ. ರಕ್ತ ಹೆಪ್ಪುಗಟ್ಟಿದ್ದರೆ ಅದು ಕದಲಿ ಶ್ವಾಸಕೋಶಕ್ಕೆ ಹೋಗಬಹುದು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು, ಮೂಳೆ ಸವೆದ ವೃದ್ಧರು ಬಲವಾಗಿ ಒತ್ತಿಸಿಕೊಳ್ಳಬಾರದು. ಹೆಬ್ಬೆರಳು-ತೋರುಬೆರಳಿನ ನಡುವಿನ ಬಿಂದು ಮತ್ತು ಹರಡಿನ ಮೇಲಿನ ಬಿಂದುವನ್ನು ಗರ್ಭಿಣಿಯರಲ್ಲಿ ಒತ್ತಬಾರದೆಂದು ಈ ಪದ್ಧತಿಯವರೇ ಹೇಳುತ್ತಾರೆ.

ಉಪವಾಸದ ದಿನ ಸಂಜೆ ತಲೆ ಸಿಡಿಯುತ್ತಿದ್ದರೆ ಕತ್ತು, ಹಣೆ ಮೃದುವಾಗಿ ಒತ್ತಿಕೊಳ್ಳಿ, ಧಾರಾಳವಾಗಿ ಮಾಡಿ. ಆದರೆ ಅದರ ಕಾರಣ ನೀರಿನ ಕೊರತೆಯೋ, ಚಹಾ ತಪ್ಪಿದ್ದೋ ಎಂದೂ ಯೋಚಿಸಿ ಸಹರಿಯಲ್ಲಿ ಸರಿಪಡಿಸಿಕೊಳ್ಳಿ. ಚಿಕಿತ್ಸಕರ ಬಳಿ ಹೋಗುವುದಾದರೆ ಮೂರು ವಿಷಯ ನೋಡಿ: ಅವರು ಮಾತ್ರೆ ನಿಲ್ಲಿಸಲು ಹೇಳುತ್ತಾರೆಯೇ, ಎಲ್ಲ ರೋಗಕ್ಕೂ ಇದೇ ಮದ್ದು ಎನ್ನುತ್ತಾರೆಯೇ, ಹತ್ತಿಪ್ಪತ್ತು ದಿನಗಳ ಹಣ ಮೊದಲೇ ಕೇಳುತ್ತಾರೆಯೇ? ಇವುಗಳಲ್ಲಿ ಒಂದಕ್ಕೆ ಹೌದೆಂಬ ಉತ್ತರ ಬಂದರೂ ಅಲ್ಲಿಂದ ಎದ್ದು ಬನ್ನಿ.