ರಾಕೆಟ್ ಮಹಿಳೆಯರ ಲೆಕ್ಕದಲ್ಲಿ ನಮ್ಮ ಹೆಣ್ಮಕ್ಕಳು ಎಲ್ಲಿ?

ಪೋಸ್ಟ್ ಉದ್ದ ಇದೆ, ಪುರುಸೊತ್ತಿದ್ದೋರು ಪೂರ್ತಿ ಓದಿ. ಮೊದಲ ಪ್ಯಾರಾ ಓದಿ "ಇದಕ್ಕೂ ಜಾತಿ ತಂದ್ರಾ?" ಅಂತ ಕೇಳೋಕೆ ಬರೋರಿಗೆ ಈಗಲೇ ಹೇಳಿಬಿಡ್ತೀನಿ: ನಾನು ತರೋಕೆ ಮುಂಚೆಯೇ ಅದು ಅಲ್ಲಿ ಕುರ್ಚಿ ಹಾಕ್ಕೊಂಡು ಕೂತಿತ್ತು. ನಾನು ಕುರ್ಚಿ ತೋರಿಸ್ತಿದ್ದೀನಿ ಅಷ್ಟೇ.

ಒಂದು ವಾರದಿಂದ "ಭಾರತದ ರಾಕೆಟ್ ಮಹಿಳೆಯರು" ಅನ್ನೋ ಪೋಸ್ಟರ್ ನಾನಿರೋ ಎಲ್ಲ ಗ್ರೂಪಲ್ಲೂ ಓಡಾಡ್ತಿದೆ. ಅಗ್ನಿ ಕ್ಷಿಪಣಿ ಯೋಜನೆ ಮುನ್ನಡೆಸಿದ ಟೆಸ್ಸಿ ಥಾಮಸ್, ಚಂದ್ರಯಾನ-2ರ ಪ್ರಾಜೆಕ್ಟ್ ಡೈರೆಕ್ಟರ್ ವನಿತಾ, ಮಿಷನ್ ಡೈರೆಕ್ಟರ್ ರಿತು ಕರಿಧಾಲ್, ಚಂದ್ರಯಾನ-3ರ ಕಲ್ಪನಾ, ಆದಿತ್ಯ ಎಲ್-1ರ ನಿಗರ್ ಶಾಜಿ. ಇವರ ಸಾಧನೆ ಸಣ್ಣದಲ್ಲ. ಗಂಡಸರೇ ತುಂಬಿದ ರೂಮಲ್ಲಿ ಕೂತು "ನಾನು ಹೇಳಿದ ಹಾಗೆ ಮಾಡಿ" ಅನ್ನೋಕೆ ಎಷ್ಟು ಗಟ್ಟಿತನ ಬೇಕು ಅಂತ ನನಗೆ ಗೊತ್ತು. ಇವರಲ್ಲಿ ಯಾರ ಜಾತಿ ಏನು ಅಂತ ನಾನು ಕೇಳ್ತಿಲ್ಲ, ಹಾಗೆ ಕೇಳೋದು ಅಸಹ್ಯ. ನಾನು ಕೇಳ್ತಿರೋದು ಸಂಸ್ಥೆಗಳ ಲೆಕ್ಕ. ಇಸ್ರೋದಲ್ಲಿ ಹೆಚ್ಚುಕಡಿಮೆ ಐವರಲ್ಲಿ ಒಬ್ಬರು ಮಹಿಳೆ ಅಂತ ಹೆಮ್ಮೆಯಿಂದ ಹೇಳ್ತಾರೆ. ಆ ಮಹಿಳೆಯರಲ್ಲಿ ಪರಿಶಿಷ್ಟ ಜಾತಿಯವರು ಎಷ್ಟು, ಪಂಗಡದವರು ಎಷ್ಟು, ಅವರು ಯಾವ ದರ್ಜೆಯಲ್ಲಿದ್ದಾರೆ? ಯಾವ ಪೋಸ್ಟರಲ್ಲೂ, ಯಾವ ಮಹಿಳಾ ದಿನಾಚರಣೆ ಭಾಷಣದಲ್ಲೂ ನಾನು ಈ ಉತ್ತರ ಕೇಳಿಲ್ಲ.

2014ರ ಸೆಪ್ಟೆಂಬರ್ 24, ಮಂಗಳಯಾನ ಮಂಗಳನ ಕಕ್ಷೆ ಸೇರಿದ ದಿನದ ಆ ಫೋಟೋ ನೆನಪಿದೆಯಾ? ರೇಷ್ಮೆ ಸೀರೆ, ಮುಡಿಯಲ್ಲಿ ಮಲ್ಲಿಗೆ, ಒಬ್ಬರನ್ನೊಬ್ಬರು ಅಪ್ಪಿಕೊಂಡು ನಗೋ ಹೆಣ್ಮಕ್ಕಳು. ಇಡೀ ಪ್ರಪಂಚ "ವಿಜ್ಞಾನಿಗಳು" ಅಂತ ಹಂಚಿಕೊಂಡಿತು. ಅವರು ಆಡಳಿತ ವಿಭಾಗದ ಸಿಬ್ಬಂದಿ ಅಂತ ಆಮೇಲೆ ಇಸ್ರೋನೇ ಹೇಳಬೇಕಾಯ್ತು. ಕಚೇರಿ ಕೆಲಸವೂ ಮಂಗಳಯಾನದ ಕೆಲಸವೇ, ಅವರು ಖುಷಿಪಟ್ಟಿದ್ದರಲ್ಲಿ ತಪ್ಪೇನೂ ಇಲ್ಲ. ಆದರೆ ನೋಡೋರಿಗೆ ಬೇಕಾಗಿದ್ದು ಆ ಚಿತ್ರ. ಸಂಪ್ರದಾಯವೂ ಇರಲಿ, ವಿಜ್ಞಾನವೂ ಇರಲಿ, ಯಾರೂ ಯಾವ ಕಿರಿಕಿರಿ ಪ್ರಶ್ನೆಯನ್ನೂ ಕೇಳದಿರಲಿ. ಆ ಚಿತ್ರದಲ್ಲಿ ಅದೇ ಕಟ್ಟಡದ ಕಾರಿಡಾರ್ ಒರೆಸೋ ಹೆಂಗಸು ಇಲ್ಲ. ಅವಳ ಮಗಳಂತೂ ಇಲ್ಲವೇ ಇಲ್ಲ.

ಈಗ ಕಾಗದಕ್ಕೆ ಬರೋಣ. 1975ರ ಕೇಂದ್ರ ಸರ್ಕಾರದ ಒಂದು ಆದೇಶ ಇದೆ. ಗ್ರೂಪ್ ಎ ದರ್ಜೆಯ ಅತಿ ಕೆಳಗಿನ ಮೆಟ್ಟಿಲು ದಾಟಿದ ಮೇಲೆ, ಸಂಶೋಧನೆ ನಡೆಸೋ, ಸಂಘಟಿಸೋ, ನಿರ್ದೇಶಿಸೋ ವೈಜ್ಞಾನಿಕ-ತಾಂತ್ರಿಕ ಹುದ್ದೆಗಳನ್ನು ಮೀಸಲಾತಿಯಿಂದ ಹೊರಗಿಡೋಕೆ ಅದು ಅವಕಾಶ ಕೊಡುತ್ತೆ. ಅಂದರೆ ಬಾಗಿಲಲ್ಲಿ ನಿಂತ್ಕೋ, ಒಳಮನೆಗೆ ಬರಬೇಡ. ಊರಿನ ಹೊಸ್ತಿಲು ಗೊತ್ತಿರೋರಿಗೆ ಇದನ್ನ ಬಿಡಿಸಿ ಹೇಳೋದು ಬೇಡ.

ಇನ್ನೊಂದು ತಮಾಷೆ ಕೇಳಿ. ಇಸ್ರೋಗೆ ಎಂಜಿನಿಯರ್ ಆಗಿ ಸೇರೋರ ಮೊದಲ ದರ್ಜೆಯ ಹೆಸರೇ "ಸೈಂಟಿಸ್ಟ್/ಎಂಜಿನಿಯರ್ ಎಸ್‌ಸಿ". ಅದು ಬರೀ ದರ್ಜೆಯ ಅಕ್ಷರ, ಮುಂದೆ ಎಸ್‌ಡಿ, ಎಸ್‌ಇ, ಎಸ್‌ಎಫ್ ಅಂತ ಹೋಗುತ್ತೆ. ನಮ್ಮ ಹುಡುಗರು ಮೊದಲ ಸಲ ಆ ಜಾಹೀರಾತು ನೋಡಿದಾಗ "ಅಕ್ಕಾ, ಇದೆಲ್ಲಾ ನಮಗೇನಾ?" ಅಂತ ಕುಣಿದಿದ್ರು.

2019ರಲ್ಲಿ ಕೇಂದ್ರೀಯ ಶಿಕ್ಷಣ ಸಂಸ್ಥೆಗಳ ಬೋಧಕ ಹುದ್ದೆಗಳ ಮೀಸಲಾತಿ ಕಾಯ್ದೆ ಬಂತು. ಒಳ್ಳೆಯದೇ. ಆದರೆ ಅದರ ಕೊನೆಯಲ್ಲಿ ಒಂದು ಪಟ್ಟಿ ಅಂಟಿಸಿದ್ದಾರೆ, ಕಾಯ್ದೆ ಅನ್ವಯಿಸದ ಎಂಟು ಹೆಸರು. ಅದರಲ್ಲಿ ಅಹಮದಾಬಾದಿನ ಫಿಸಿಕಲ್ ರಿಸರ್ಚ್ ಲ್ಯಾಬೊರೇಟರಿ, ತಿರುವನಂತಪುರದ ಸ್ಪೇಸ್ ಫಿಸಿಕ್ಸ್ ಲ್ಯಾಬೊರೇಟರಿ, ಡೆಹ್ರಾಡೂನಿನ ರಿಮೋಟ್ ಸೆನ್ಸಿಂಗ್ ಸಂಸ್ಥೆ ಮೂರೂ ಬಾಹ್ಯಾಕಾಶ ಇಲಾಖೆಗೆ ಸೇರಿದವು. ನಮ್ಮ ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವೂ ಆ ಪಟ್ಟಿಯಲ್ಲಿದೆ. ಇವೆಲ್ಲ "ಉತ್ಕೃಷ್ಟ" ಸಂಸ್ಥೆಗಳಂತೆ. ನಾವು ಪಾಠ ಹೇಳಿದರೆ ಉತ್ಕೃಷ್ಟತೆ ಮೈಲಿಗೆ ಆಗುತ್ತೆ ಅಂತಲಾ?

"ಮಹಿಳೆ ಅಂತ ಬೇರೆ, ಜಾತಿ ಅಂತ ಬೇರೆ ಲೆಕ್ಕ ಇಡ್ತೀವಿ, ಎರಡನ್ನೂ ಸೇರಿಸೋದು ಕಷ್ಟ" ಅಂತ ಒಬ್ಬ ಅಧಿಕಾರಿ ನನ್ನ ಮುಖಕ್ಕೇ ಹೇಳಿದ್ರು. ಕಷ್ಟ ಏನಿಲ್ಲ ಸ್ವಾಮಿ. 2018ರಿಂದ ಐಐಟಿಗಳಲ್ಲಿ ಹೆಣ್ಮಕ್ಕಳಿಗೆ ಹೆಚ್ಚುವರಿ ಸೀಟು ಕೊಡ್ತಿದ್ದಾರೆ. ಆ ಸೀಟು ಹಂಚಿಕೆ ಪಟ್ಟಿ ತೆಗೆದು ನೋಡಿ. ಏರೋಸ್ಪೇಸ್ ಬ್ರಾಂಚಲ್ಲೂ ಪ್ರತಿ ವರ್ಗದೊಳಗೆ "ಮಹಿಳೆಯರಿಗೆ ಮಾತ್ರ" ಅಂತ ಬೇರೆ ಕಲಂ ಇದೆ. ಎಸ್‌ಸಿ ಹುಡುಗಿ ಒಬ್ಬಳೇ ಮನುಷ್ಯಳು, ಅವಳು ಒಂದೇ ಸಲಕ್ಕೆ ಎಸ್‌ಸಿಯೂ ಹೌದು ಹುಡುಗಿಯೂ ಹೌದು ಅಂತ ಆ ಕಂಪ್ಯೂಟರ್‌ಗೆ ಅರ್ಥ ಆಗುತ್ತೆ. ಡಿಗ್ರಿ ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ ಮಾತ್ರ ಆ ಕಲಂ ಯಾಕೆ ಮಾಯ ಆಗುತ್ತೆ?

"ಪ್ರತಿಭೆ ಇದ್ದರೆ ಯಾರು ಬೇಕಾದರೂ ಬರಬಹುದು" ಅನ್ನೋರಿಗೆ ಪ್ರೊಫೆಸರ್ ರಾಜೇಶ್ವರಿ ಚಟರ್ಜಿ ಬಗ್ಗೆ ಹೇಳ್ತೀನಿ. 1922ರಲ್ಲಿ ನಮ್ಮ ನಂಜನಗೂಡಿನಲ್ಲಿ ಹುಟ್ಟಿದವರು. ಅಮೆರಿಕದ ಮಿಷಿಗನ್‌ನಲ್ಲಿ ಓದಿ ಬಂದು ಟಾಟಾ ಇನ್‌ಸ್ಟಿಟ್ಯೂಟಲ್ಲಿ ಮೈಕ್ರೋವೇವ್ ಎಂಜಿನಿಯರಿಂಗ್ ಕಟ್ಟಿದವರು. ವಿಮಾನಕ್ಕೆ, ಬಾಹ್ಯಾಕಾಶ ನೌಕೆಗೆ ಬೇಕಾಗೋ ಆಂಟೆನಾಗಳ ಮೇಲೆ ಕೆಲಸ ಮಾಡಿದವರು. ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಅಂತಾರೆ. ನನಗೆ ಅವರ ಬಗ್ಗೆ ಅಪಾರ ಗೌರವ. ಅವರ ಅಜ್ಜಿ ಕಮಲಮ್ಮ ದಾಸಪ್ಪ ಮೈಸೂರು ಸಂಸ್ಥಾನದ ಮೊದಮೊದಲ ಪದವೀಧರ ಮಹಿಳೆಯರಲ್ಲಿ ಒಬ್ಬರು, ಹೆಣ್ಮಕ್ಕಳ ಓದಿಗೆ ದುಡಿದವರು. ನೋಡಿ, ಮೊಮ್ಮಗಳು ಆಂಟೆನಾ ಕಟ್ಟಬೇಕಾದರೆ ಅಜ್ಜಿಯ ಕೈಯಲ್ಲಿ ಪದವಿ ಇತ್ತು. ಅದೇ ಸಂಸ್ಥಾನದಲ್ಲಿ ನೌಕರಿಯಲ್ಲಿ ಬೇರೆ ಜಾತಿಯವರಿಗೂ ಪಾಲು ಸಿಗಲಿ ಅಂತ ನಾಲ್ವಡಿಯವರು 1918ರಲ್ಲಿ ಮಿಲ್ಲರ್ ಸಮಿತಿ ನೇಮಿಸಿದಾಗ ಆಡಳಿತದಲ್ಲಿದ್ದ ದೊಡ್ಡೋರು ಎಷ್ಟು ಉರಿದುಕೊಂಡ್ರು ಅಂತ ಇತಿಹಾಸ ಓದಿದೋರಿಗೆ ಗೊತ್ತು. ಆಗಲೂ ಅವರ ಬಾಯಲ್ಲಿ ಇದ್ದ ಪದ "ದಕ್ಷತೆ". ನಮ್ಮಜ್ಜಿ ಆ ಕಾಲದಲ್ಲಿ ಗೌಡರ ಹೊಲದಲ್ಲಿ ಕಳೆ ಕೀಳ್ತಿದ್ಲು. ನಮ್ಮಮ್ಮ ನಾಲ್ಕನೇ ಕ್ಲಾಸು. ನಾನು ಪಿಯುಸಿ ಸೈನ್ಸ್‌ಗೆ ಸೇರಿ, ಟ್ಯೂಷನ್ ಫೀಸು ಹೊಂದಿಸೋಕಾಗದೆ ಆರ್ಟ್ಸ್‌ಗೆ ಬಂದೋಳು. ಪ್ರತಿಭೆಗೆ ಮೂರು ತಲೆಮಾರು ಹಿಡಿಯುತ್ತೆ ಅಂದರೆ ನಮ್ಮ ಲೆಕ್ಕ ಶುರುವಾಗಿರೋದೇ ಈಗ.

ಶುರುವಾದೋರ ಕಥೆ ಏನು ಅಂತ ಕೇಳಿ. ನಮ್ಮ ಕಾಲೋನಿಯ ಒಂದು ಹುಡುಗಿ ಸರ್ಕಾರಿ ಪಾಲಿಟೆಕ್ನಿಕ್‌ನಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಬೆಂಗಳೂರಿನ ಉತ್ತರಕ್ಕಿರೋ ಒಂದು ವಿಮಾನ ಬಿಡಿಭಾಗದ ಫ್ಯಾಕ್ಟರಿಗೆ ಸೇರಿದ್ಲು. ಫ್ಯಾಕ್ಟರಿ ಹೆಸರು ಬರೆಯಲ್ಲ, ಅವಳ ಹೊಟ್ಟೆಪಾಡು ಅಲ್ಲಿದೆ. ಇಂಟರ್ವ್ಯೂನಲ್ಲಿ ಡ್ರಾಯಿಂಗ್ ಕೊಟ್ಟು ಟಾಲರೆನ್ಸ್ ಓದು ಅಂದ್ರಂತೆ, ಪಟಪಟ ಓದಿದ್ಲಂತೆ. ಆಮೇಲಿನ ಪ್ರಶ್ನೆ, "ಊರಲ್ಲಿ ನಿಮ್ಮ ಮನೆ ಯಾವ ಕಡೆ ಬರುತ್ತೆ?" ಈ ಪ್ರಶ್ನೆ ಯಾಕೆ ಕೇಳ್ತಾರೆ ಅಂತ ನಮಗೆ ಹೇಳಿಕೊಡಬೇಕಾ? ಅವಳ ಜೊತೆ ಸೇರಿದ ಇಬ್ಬರು ಹುಡುಗೀರಿಗೆ ಎಸಿ ರೂಮಿನ ಅಳತೆ ಯಂತ್ರ. ಇವಳಿಗೆ ಡಿಬರಿಂಗ್.

ಡಿಬರಿಂಗ್ ಅಂದ್ರೆ ಯಂತ್ರ ಕೊರೆದ ಮೇಲೆ ಲೋಹದ ಅಂಚಲ್ಲಿ ಉಳಿಯೋ ಚೂಪು ಎಳೆಗಳನ್ನ ಕೈಯಲ್ಲಿ ಅರ ಹಿಡಿದು ತೆಗೆಯೋದು. ನೋಡೋಕೆ ಕೂಲಿ ಕೆಲಸ. ಆದರೆ ವಿಮಾನದ ಭಾಗ ಹಾರಾಟದಲ್ಲಿ ಸಾವಿರಾರು ಸಲ ಎಳೆತ ಬಿಡಿತ ತಿನ್ನುತ್ತೆ, ಅಂಚಲ್ಲಿ ಒಂದು ಚೂಪು, ಒಂದು ಗೀರು ಉಳಿದರೂ ಬಿರುಕು ಅಲ್ಲಿಂದಲೇ ಹೊರಡಬಹುದು. ಅಂದರೆ ನೂರಾರು ಜನರ ಜೀವ ಅವಳ ಬೆರಳ ತುದಿಯಲ್ಲಿದೆ. ಬೆರಳ ತುದಿ ನಾನು ನೋಡಿದ್ದೀನಿ, ತುಂಬಾ ಗೀರುಗಳಿವೆ. ನಾಲ್ಕು ವರ್ಷವಾಯ್ತು, ಇನ್ನೂ ಗುತ್ತಿಗೆ. ಹನ್ನೊಂದು ತಿಂಗಳಿಗೊಮ್ಮೆ ಏಜೆನ್ಸಿ ಹೆಸರು ಬದಲಾಗುತ್ತೆ. ತಪಾಸಣೆ ವಿಭಾಗಕ್ಕೆ ಹಾಕಿ ಅಂತ ಎರಡು ಸಲ ಕೇಳಿದ್ಲು. "ನೈಟ್ ಶಿಫ್ಟ್ ಇರುತ್ತಮ್ಮ, ನಿಮ್ಮ ಕಡೆ ಎಲ್ಲಾ ಒಪ್ಪಲ್ಲ" ಅಂದರಂತೆ. ಇವಳು ಒಪ್ಪಿದೀನಿ ಸಾರ್ ಅಂದ್ರೂ. ಮಾರ್ಚ್ 8ಕ್ಕೆ ಗುಲಾಬಿ ಕೊಟ್ಟು, ಹೆಲ್ಮೆಟ್ ಹಾಕಿಸಿ, ಯಂತ್ರದ ಮುಂದೆ ನಿಲ್ಲಿಸಿ ಫೋಟೋ ತೆಗೆದ್ರು. ಕಂಪನಿ ಕ್ಯಾಲೆಂಡರಲ್ಲಿ ಮಾರ್ಚ್ ತಿಂಗಳು ಪೂರ್ತಿ ಅವಳೇ. ಅವಳನ್ನ ನಿಲ್ಲಿಸಿದ ಯಂತ್ರ ಯಾವುದು ಗೊತ್ತಾ? ಅವಳಿಗೆ ಮುಟ್ಟೋಕೆ ಬಿಡದ ಆ ಅಳತೆ ಯಂತ್ರ.

ಇನ್ನು ಜಮೀನಿನ ವಿಷಯ. ಏರೋಸ್ಪೇಸ್ ಅನ್ನೋದು ಆಕಾಶದಲ್ಲಿ ಮಾತ್ರ ನಡೆಯಲ್ಲ, ಅದಕ್ಕೂ ನೆಲ ಬೇಕು. 2024ರ ಜನವರಿ 19ರಂದು ದೇವನಹಳ್ಳಿ ಹತ್ತಿರದ ಏರೋಸ್ಪೇಸ್ ಪಾರ್ಕಿನಲ್ಲಿ ಬೋಯಿಂಗ್‌ನ 43 ಎಕರೆ ಕ್ಯಾಂಪಸ್ ಅನ್ನು ಪ್ರಧಾನಿ ಉದ್ಘಾಟಿಸಿದ್ರು. ಅದೇ ವೇದಿಕೆಯಲ್ಲಿ "ಸುಕನ್ಯಾ" ಅನ್ನೋ ಕಾರ್ಯಕ್ರಮವೂ ಶುರುವಾಯ್ತು. ಹೆಣ್ಮಕ್ಕಳು ವಿಮಾನಯಾನಕ್ಕೆ ಬರಲಿ ಅಂತ 150 ಕಡೆ ಪ್ರಯೋಗಾಲಯ, ಪೈಲಟ್ ಆಗೋರಿಗೆ ವಿದ್ಯಾರ್ಥಿವೇತನ. ಬರಲಿ, ಸಂತೋಷ. ಆದರೆ ಅದೇ ದಿನ, ಅದೇ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ಹೆಂಗಸರು ಧರಣಿಯಲ್ಲಿದ್ರು. 13 ಹಳ್ಳಿಗಳ 1,777 ಎಕರೆ ಜಮೀನು ಕಿತ್ತುಕೊಳ್ಳೋಕೆ ನೋಟಿಸ್ ಬಂದಿತ್ತು. ಆ ಜಾಗ ಯಾತಕ್ಕೆ ಅಂದ್ರೆ ರಕ್ಷಣಾ ಮತ್ತು ಏರೋಸ್ಪೇಸ್ ಪಾರ್ಕಿಗೆ. ಮೂರು ವರ್ಷ ದಾಟಿದ ಹೋರಾಟ ಅದು. ಹೂವು, ತರಕಾರಿ, ಹಾಲು ಮಾರಿ ಮಕ್ಕಳನ್ನ ಓದಿಸ್ತಿದ್ದ ಹೆಂಗಸರು ಪೊಲೀಸ್ ವ್ಯಾನ್ ಹತ್ತಿದ್ರು. 2025ರ ಜುಲೈ 15ರಂದು ಮುಖ್ಯಮಂತ್ರಿಗಳು ಸ್ವಾಧೀನ ಕೈಬಿಟ್ಟೆವು ಅಂತ ಹೇಳಬೇಕಾಯ್ತು. ತಕ್ಷಣ ಪಕ್ಕದ ಆಂಧ್ರದ ಮಂತ್ರಿ ಲೋಕೇಶ್ "ನಮ್ಮಲ್ಲಿ 8,000 ಎಕರೆ ಇದೆ ಬನ್ನಿ" ಅಂತ ಕಂಪನಿಗಳನ್ನ ಕರೆದ್ರು, ನಮ್ಮ ಟಿವಿಯೋರು ಕರ್ನಾಟಕ ಮುಳುಗಿ ಹೋಯ್ತು ಅನ್ನೋ ಹಾಗೆ ಅತ್ತರು.

ನಾನು ಆ ಧರಣಿಗೆ ಹೋಗಿದ್ದೆ. ಹಿಂದಿನ ಸ್ವಾಧೀನಗಳಲ್ಲಿ ಜಮೀನು ಕಳಕೊಂಡ ಊರಿನ ಒಬ್ಬ ಅಜ್ಜಿ ಹೇಳಿದ್ದು ಇಷ್ಟೇ: "ಮನೆಗೊಂದು ಕೆಲ್ಸ ಅಂದಿದ್ರು, ಕೊಟ್ರು. ನನ್ನ ಸೊಸೆಗೆ ನನ್ನ ಹೊಲದಲ್ಲೇ ಕಸ ಗುಡಿಸೋ ಕೆಲ್ಸ." ಆ ಸೊಸೆ ಬೆಳಿಗ್ಗೆ ಆರಕ್ಕೆ ಬಸ್ ಹತ್ತೋದರಿಂದಲೇ ಒಳಗಿನ ಎಂಜಿನಿಯರಮ್ಮನ ಕ್ಯಾಬಿನ್ ಒಂಬತ್ತಕ್ಕೆ ಥಳಥಳ ಅನ್ನುತ್ತೆ. ಮಹಿಳೆಯರ ವೃತ್ತಿಜೀವನದ ಬಗ್ಗೆ ಮಾತಾಡೋ ಸೆಮಿನಾರ್‌ಗಳಲ್ಲಿ ಹೆರಿಗೆ ರಜೆ, ಶಿಶುಪಾಲನಾ ಕೇಂದ್ರ ಅಂತ ಚರ್ಚೆ ಮಾಡ್ತಾರೆ, ಮಾಡಲೇಬೇಕು. 1928ರಲ್ಲೇ ಬಾಂಬೆ ಶಾಸನ ಸಭೆಯಲ್ಲಿ ಹೆರಿಗೆ ಸೌಲಭ್ಯದ ಮಸೂದೆ ಪರವಾಗಿ ನಿಂತು ಮಾತಾಡಿದವರು ನಮ್ಮ ಬಾಬಾಸಾಹೇಬರು, ಅದೂ ಫ್ಯಾಕ್ಟರಿ ಕೂಲಿ ಹೆಂಗಸರಿಗಾಗಿ. ಆ ಶಿಶುಪಾಲನಾ ಕೇಂದ್ರದ ಆಯಾಗೆ ಹೆರಿಗೆ ರಜೆ ಇದೆಯಾ ಅಂತ ಒಂದು ಸಲನಾದ್ರೂ ಸೆಮಿನಾರಲ್ಲಿ ಕೇಳಿ.

ಅಮೆರಿಕದ ಉದಾಹರಣೆ ಕೊಟ್ಟರೆ ನಮ್ಮೋರಿಗೆ ಬೇಗ ನಾಟುತ್ತೆ, ಕೊಡ್ತೀನಿ. ಮೇರಿ ಜಾಕ್ಸನ್ 1958ರಲ್ಲಿ ನಾಸಾದ ಮೊದಲ ಕಪ್ಪು ಮಹಿಳಾ ಎಂಜಿನಿಯರ್ ಆದೋರು. ಅದಕ್ಕೆ ಬೇಕಾದ ಕ್ಲಾಸು ನಡೀತಿದ್ದದ್ದು ಬಿಳಿಯರಿಗೆ ಮಾತ್ರ ಮೀಸಲಾದ ಶಾಲೆಯಲ್ಲಿ, ಅಲ್ಲಿ ಕೂರೋಕೆ ಹ್ಯಾಂಪ್ಟನ್ ನಗರದ ಅನುಮತಿ ಕೇಳಬೇಕಾಯ್ತು. 1979ರಲ್ಲಿ ಆಯಮ್ಮ ಏನು ಮಾಡಿದ್ರು ಗೊತ್ತಾ? ಎಂಜಿನಿಯರ್ ಹುದ್ದೆ ಬಿಟ್ಟು, ಕೆಳಗಿನ ದರ್ಜೆಯಾದರೂ ಸರಿ ಅಂತ, ಮಹಿಳೆಯರ ನೇಮಕಾತಿ-ಬಡ್ತಿ ನೋಡಿಕೊಳ್ಳೋ ಕೆಲಸಕ್ಕೆ ಹೋದ್ರು. ಯಾಕಂದ್ರೆ ಒಬ್ಬಳು ಮೇಲೆ ಹತ್ತಿದ ಮಾತ್ರಕ್ಕೆ ಏಣಿ ಎಲ್ಲರಿಗೂ ಸಿಗಲ್ಲ ಅಂತ ಅವರಿಗೆ ಕಂಡಿತ್ತು. ಇವತ್ತು ವಾಷಿಂಗ್ಟನ್‌ನಲ್ಲಿರೋ ನಾಸಾ ಕೇಂದ್ರ ಕಚೇರಿಗೆ ಅವರ ಹೆಸರಿದೆ. ಅಲ್ಲಿ ಅನ್ಯಾಯ ಮುಗಿದಿಲ್ಲ, ಆದರೆ "ಕಪ್ಪು ಮಹಿಳೆ" ಅಂತ ಬಾಯಿಬಿಟ್ಟು ಹೇಳ್ತಾರೆ. ಹೇಳಿದ್ದಕ್ಕೇ ಆ ಕಥೆ ಸಿನಿಮಾ ಆಯ್ತು, ನಮ್ಮೋರೂ ನೋಡಿ ಕಣ್ಣೀರು ಹಾಕಿದ್ರು. ಇಲ್ಲಿ "ದಲಿತ ಮಹಿಳಾ ಎಂಜಿನಿಯರ್" ಅಂದ್ರೆ ಮಾತ್ರ ಗಂಟಲು ಕಟ್ಟುತ್ತೆ.

ಗಗನಯಾನಕ್ಕೆ 2024ರಲ್ಲಿ ಹೆಸರಿಸಿದ ನಾಲ್ವರೂ ಗಂಡಸರು. ಹೆಣ್ಣಿನ ಪಾಲಿಗೆ ಬಂದಿರೋದು ವ್ಯೋಮಮಿತ್ರ ಅನ್ನೋ ರೋಬೋ. ಪರವಾಗಿಲ್ಲ ಬಿಡಿ, ಅವಳ ಮನೆ ಊರಿನ ಯಾವ ಕಡೆ ಅಂತ ಯಾರೂ ಕೇಳಲ್ಲ.

ಈಗ ಕೆಲಸದ ಮಾತು. ಬಾಹ್ಯಾಕಾಶ ಇಲಾಖೆ, ಡಿಆರ್‌ಡಿಒ, ಎಚ್‌ಎಎಲ್, ಎನ್‌ಎಎಲ್ ನಾಲ್ಕೂ ತಮ್ಮ ಮಹಿಳಾ ಸಿಬ್ಬಂದಿಯ ಲೆಕ್ಕವನ್ನ ಜಾತಿವಾರು, ದರ್ಜೆವಾರು, ಕಾಯಂ-ಗುತ್ತಿಗೆ ಬೇರೆ ಮಾಡಿ ಪ್ರತಿವರ್ಷ ಪ್ರಕಟಿಸಬೇಕು. 1975ರ ಆದೇಶ, 2019ರ ಕಾಯ್ದೆಯ ಆ ಎಂಟು ಹೆಸರಿನ ಪಟ್ಟಿ ಎರಡೂ ಹೋಗಬೇಕು. ರಾಜ್ಯದ 2022-27ರ ಏರೋಸ್ಪೇಸ್ ಮತ್ತು ರಕ್ಷಣಾ ನೀತಿಯಡಿ ರಿಯಾಯಿತಿ ತಗೊಳ್ಳೋ ಖಾಸಗಿ ಕಂಪನಿಗಳೂ ಇದೇ ಲೆಕ್ಕ ಕೊಡಬೇಕು. ನಮ್ಮ ತೆರಿಗೆಯಲ್ಲಿ ರಿಯಾಯಿತಿ ಬೇಕು, ನಮ್ಮ ಮಗಳ ಲೆಕ್ಕ ಬೇಡ ಅಂದ್ರೆ ನಡೆಯಲ್ಲ.

ಆ ನಾಲ್ಕು ಸಂಸ್ಥೆಗಳಿಗೂ ಮಾಹಿತಿ ಹಕ್ಕಿನ ಅರ್ಜಿ ಬರೆದು ರೆಡಿ ಮಾಡಿದ್ದೀನಿ, ನಕಲು ಬೇಕಾದೋರು ಇನ್‌ಬಾಕ್ಸಿಗೆ ಬನ್ನಿ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಸಾಕು, ಒಬ್ಬೊಬ್ಬರು ಒಂದೊಂದು ಹಾಕಿ. ಡಿಆರ್‌ಡಿಒಗೆ ಮಾಹಿತಿ ಹಕ್ಕು ಕಾಯ್ದೆಯಲ್ಲಿ ವಿನಾಯಿತಿ ಇದೆ, ಉಳಿದ ಮೂರೂ ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು. "ಮಾಹಿತಿ ಲಭ್ಯವಿಲ್ಲ" ಅಂತ ಬಂದರೂ ಆ ಕಾಗದ ಜೋಪಾನವಾಗಿ ಇಟ್ಕೊಳ್ಳಿ, ಮುಂದಿನ ಮಾರ್ಚ್ 8ಕ್ಕೆ ಎಲ್ಲಾ ಸೇರಿಸಿ ಅವರ ಪೋಸ್ಟರ್ ಪಕ್ಕದಲ್ಲೇ ಅಂಟಿಸೋಣ.

ಜೈ ಭೀಮ್.