ಜಪಾನ್ ನೋಡಿ ಅನ್ನೋವರಿಗೆ

2023ರ ಅಕ್ಟೋಬರ್‌ನಲ್ಲಿ ನಾರಾಯಣಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಅಂದಾಗ ಉದಾಹರಣೆಗೆ ತಂದಿದ್ದು ಎರಡನೇ ಮಹಾಯುದ್ಧದ ನಂತರದ ಜಪಾನ್ ಮತ್ತು ಜರ್ಮನಿಯನ್ನ. ಅಲ್ಲಿಂದೀಚೆಗೆ ಮ್ಯಾನೇಜರುಗಳ ಬಾಯಲ್ಲೂ ಜಪಾನೇ ಜಪಾನ್. ಸರಿ ಸ್ವಾಮಿ, ಜಪಾನನ್ನೇ ನೋಡೋಣ. ಆದರೆ ಪೂರ್ತಿ ನೋಡೋಣ.

ಅತಿ ದುಡಿಮೆಯಿಂದ ಬರುವ ಸಾವಿಗೆ ಅಲ್ಲಿ ಒಂದು ಪದವೇ ಇದೆ: ಕರೋಶಿ. ಇದು ಪತ್ರಿಕೆಯವರ ಉತ್ಪ್ರೇಕ್ಷೆ ಅಲ್ಲ, ಸರ್ಕಾರಿ ಕಡತದ ಪದ. ನೌಕರ ಹೃದಯಾಘಾತದಿಂದಲೋ ಮೆದುಳಿನ ರಕ್ತಸ್ರಾವದಿಂದಲೋ ಸತ್ತರೆ ಮನೆಯವರು ಪರಿಹಾರ ಕೇಳಬಹುದು. ಆಗ ಅಧಿಕಾರಿಗಳು ತೆಗೆಯೋದು ಓವರ್‌ಟೈಮ್ ಲೆಕ್ಕ. ಹಿಂದಿನ ಒಂದು ತಿಂಗಳಲ್ಲಿ 100 ಗಂಟೆ, ಅಥವಾ ಎರಡರಿಂದ ಆರು ತಿಂಗಳ ಸರಾಸರಿ 80 ಗಂಟೆ ದಾಟಿದ್ದರೆ ಆ ಸಾವಿಗೂ ಕೆಲಸಕ್ಕೂ ಬಲವಾದ ನಂಟಿದೆ ಅಂತ ಅರ್ಥ. ಜನ ಅದನ್ನು ಕರೋಶಿ ಗೆರೆ ಅಂತಲೇ ಕರೀತಾರೆ.

ಈಗ ಕ್ಯಾಲ್ಕ್ಯುಲೇಟರ್ ತೆಗೀರಿ. ಜಪಾನಿನ ಕಾನೂನಿನ ಪ್ರಕಾರ ವಾರಕ್ಕೆ 40 ಗಂಟೆ ಕೆಲಸ. 70ರಲ್ಲಿ 40 ಕಳೆದರೆ 30. ನಾಲ್ಕು ವಾರಕ್ಕೆ 120. ಅಂದ್ರೆ ನಮಗೆ ದೇಶಸೇವೆ ಅಂತ ಹೇಳಿಕೊಡ್ತಿರೋದು, ಜಪಾನ್ ಸರ್ಕಾರ ಹೆಣ ಲೆಕ್ಕ ಹಾಕೋಕೆ ಎಳೆದಿರೋ ಗೆರೆಯ ಆಚೆಗಿದೆ. ನಮ್ಮ 48 ಗಂಟೆಯ ವಾರ ಹಿಡಿದರೂ 88 ಬರುತ್ತೆ. ಎಲ್ ಅಂಡ್ ಟಿ ಮುಖ್ಯಸ್ಥರ 90 ಗಂಟೆಯ ಲೆಕ್ಕ ನೀವೇ ಹಾಕ್ಕೊಳ್ಳಿ.

2015ರ ಕ್ರಿಸ್‌ಮಸ್ ದಿನ ಟೋಕಿಯೋದಲ್ಲಿ ಜಾಹೀರಾತು ಕಂಪನಿ ಡೆಂಟ್ಸುವಿನ 24 ವರ್ಷದ ಉದ್ಯೋಗಿಯೊಬ್ಬಳು ಜೀವ ಕಳೆದುಕೊಂಡಳು. ಕಾರಣ ಅತಿ ದುಡಿಮೆ ಅಂತ ಕಾರ್ಮಿಕ ಇಲಾಖೆಯೇ ಒಪ್ಪಿತು. 2017ರಲ್ಲಿ ಕೋರ್ಟು ಕಂಪನಿಗೆ ಹಾಕಿದ ದಂಡ 5 ಲಕ್ಷ ಯೆನ್. ಒಂದು ಒಳ್ಳೇ ಲ್ಯಾಪ್‌ಟಾಪಿನ ದುಡ್ಡು ಅಂದ್ಕೊಳ್ಳಿ! ಆಮೇಲೆ ಜನರ ಸಿಟ್ಟಿಗೆ ಸರ್ಕಾರ ಮಣಿದು ಕಾನೂನು ತಂತು. 2019ರ ಏಪ್ರಿಲ್‌ನಿಂದ ಓವರ್‌ಟೈಮಿಗೆ ತಿಂಗಳಿಗೆ 45 ಗಂಟೆಯ ಮಿತಿ. ವಿಶೇಷ ಸಂದರ್ಭದಲ್ಲೂ 100 ಮುಟ್ಟೋ ಹಾಗಿಲ್ಲ. 2025ರ ಏಪ್ರಿಲ್‌ನಿಂದ ಟೋಕಿಯೋ ಮಹಾನಗರ ಆಡಳಿತ ತನ್ನ ನೌಕರರಿಗೆ ವಾರಕ್ಕೆ ನಾಲ್ಕೇ ದಿನ ಕೆಲಸ ಮಾಡೋ ಆಯ್ಕೆಯನ್ನೂ ಕೊಟ್ಟಿದೆ. ಮೇಷ್ಟ್ರು ಪಾಠ ತಿದ್ದಿಕೊಂಡ್ರು, ನಾವು ಹಳೇ ನೋಟ್ಸ್ ಉರು ಹೊಡೀತಿದ್ದೀವಿ. 2024ರಲ್ಲಿ ಐಟಿಯವರಿಗೆ ದಿನಕ್ಕೆ 14 ಗಂಟೆಯ ಪ್ರಸ್ತಾವ ಬಂದಿದ್ದು ನಮ್ಮ ಕರ್ನಾಟಕದಲ್ಲೇ ತಾನೆ?

ಹೋಗ್ಲಿ, ಅಷ್ಟು ತೇದು ಜಪಾನಿಗೆ ಸಿಕ್ಕಿದ್ದೇನು? ಗಂಟೆಯ ಉತ್ಪಾದಕತೆಯಲ್ಲಿ ಜಿ7 ದೇಶಗಳ ಪೈಕಿ ದಶಕಗಳಿಂದ ಕೊನೇ ಬೆಂಚು. ಜರ್ಮನಿಯವರು ವರ್ಷಕ್ಕೆ ಸರಾಸರಿ 1,340 ಗಂಟೆ ಚಿಲ್ಲರೆ ದುಡೀತಾರೆ, ವಾರಕ್ಕೆ 26 ಗಂಟೆ. ಅವರ ಕಾರು ಬೇಕು, ಅವರ ಭಾನುವಾರ ಬೇಡ.

ನಿಮ್ಮ ಅಪ್ಪಂದಿರು ಹೊಲದಲ್ಲಿ ಬೆಳಗಿನಿಂದ ರಾತ್ರಿ ತನಕ ದುಡೀತಿರಲಿಲ್ವಾ ಅಂತ ಕೇಳೋರೂ ಇದ್ದಾರೆ. ಹಳ್ಳೀಲೇ ಬೆಳೆದವನು, ನೋಡಿದೀನಿ. ದುಡೀತಿದ್ರು, ಬಿತ್ತನೆಯಲ್ಲಿ, ಸುಗ್ಗಿಯಲ್ಲಿ. ಕಣ ಮುಗಿದ ಮೇಲೆ ಜಾತ್ರೆ, ಮದುವೆ, ಅರಳಿಕಟ್ಟೆ. ಸೋಮವಾರ ಬಸವಣ್ಣನ ದಿನ ಅಂತ ಎತ್ತಿಗೂ ನೊಗ ಕಟ್ತಿರಲಿಲ್ಲ. ನಮ್ಮ ಸ್ಪ್ರಿಂಟಿಗೆ ಯಾವ ಸೋಮವಾರ ಇದೆ?

ಮುಂದಿನ ಟೌನ್‌ಹಾಲ್ ಮೀಟಿಂಗಲ್ಲಿ ಯಾರಾದ್ರೂ ಜಪಾನ್ ಅಂದ್ರೆ, ಆ 45 ಗಂಟೆಯ ಮಿತಿ ನಮಗೆ ಯಾವ ತಿಂಗಳಿಂದ ಅಂತ ಕೇಳಿ.