ಮನೆ ಲೆಕ್ಕ: ವಾಷರ್‌ಗೆ ಸುಂಕ, ಡ್ರೈಯರ್‌ಗೂ ಬೆಲೆ



2018ರ ಬೇಸಿಗೆ ರಜೆಯಲ್ಲಿ ಅತ್ತೆ-ಮಾವ ಊರಿನಿಂದ ಬಂದಿದ್ದರು. ಅದೇ ವಾರ ನಮ್ಮ ಮನೆಯ ಹಳೆಯ ವಾಷಿಂಗ್ ಮಷೀನ್ ಕೈಕೊಟ್ಟಿತು. ಅಂಗಡಿಗೆ ಹೋದರೆ, ಹಿಂದಿನ ವರ್ಷ ನೋಡಿಟ್ಟುಕೊಂಡಿದ್ದ ಬೆಲೆ ಎಲ್ಲೂ ಇಲ್ಲ. "ಟ್ಯಾರಿಫ್" ಎಂದ ಅಂಗಡಿಯವನು. ಪಕ್ಕದಲ್ಲಿದ್ದ ಡ್ರೈಯರ್ ಬೆಲೆಯೂ ಏರಿತ್ತು. ಮಾವ ಮೆಲ್ಲಗೆ ಕೇಳಿದರು: "ಅದಕ್ಕೂ ಸುಂಕ ಹಾಕಿದ್ದಾರೇನಮ್ಮಾ?" ನಾನು ಹಾಕಿರಬೇಕು ಅಂದೆ. ಹಾಕಿರಲಿಲ್ಲ ಎಂದು ಗೊತ್ತಾಗಿದ್ದು ಬಹಳ ದಿನಗಳ ಮೇಲೆ.

ಮೊನ್ನೆ ನಮ್ಮ ಶಾಲೆಯಲ್ಲಿ ಮಕ್ಕಳು ಒಳಗೆ ಒತ್ತಕ್ಷರ ತಿದ್ದುತ್ತಿದ್ದಾಗ, ಹೊರಗೆ ಕಾಯುತ್ತಿದ್ದ ಪೋಷಕರೊಬ್ಬರು ಆ ದಿನವನ್ನು ನೆನಪಿಸುವಂಥ ಪ್ರಶ್ನೆ ಕೇಳಿದರು. "ಆ್ಯಂಟಿ ಡಂಪಿಂಗ್ ಸುಂಕವನ್ನು ಸರ್ಕಾರ ಐದು ವರ್ಷಕ್ಕೊಮ್ಮೆ ಮರುಪರಿಶೀಲನೆ ಮಾಡುತ್ತದಂತೆ. ಅಲ್ಲಿ ಏನನ್ನು ನೋಡುತ್ತಾರೆ? ಕೊಳ್ಳುವ ನಮ್ಮ ಕಷ್ಟ ನೋಡುತ್ತಾರಾ?" ಈ ತಿಂಗಳ ಅಂಕಣ ಆ ಪ್ರಶ್ನೆಗೆ ಉತ್ತರ.

ಮೊದಲು ಡಂಪಿಂಗ್ ಎಂದರೇನು ಅಂತ ನೋಡೋಣ. ಒಬ್ಬ ವ್ಯಾಪಾರಿ ತನ್ನ ಊರಿನಲ್ಲಿ ಕೆಜಿಗೆ 100 ರೂಪಾಯಿಯಂತೆ ಮಾರುವ ಕೊಬ್ಬರಿಯನ್ನು ನಮ್ಮೂರ ಸಂತೆಗೆ ತಂದು 70ಕ್ಕೆ ಮಾರುತ್ತಾನೆ ಅನ್ನಿ. ಕೊಳ್ಳುವವರಿಗೆ ಹಬ್ಬ. ನಮ್ಮೂರ ಕೊಬ್ಬರಿ ಬೆಳೆಗಾರನಿಗೆ ಮಾತ್ರ ಸಂಕಟ. ದೇಶಗಳ ನಡುವೆ ಹೀಗಾದರೆ ಅದು ಡಂಪಿಂಗ್. ಆದರೆ ಬೆಲೆ ಕಡಿಮೆ ಎಂದ ಮಾತ್ರಕ್ಕೆ ಸುಂಕ ಹಾಕುವ ಹಾಗಿಲ್ಲ. ಅದರಿಂದ ಇಲ್ಲಿನ ಉದ್ಯಮಕ್ಕೆ ಹಾನಿಯಾಗಿದೆ ಎಂಬುದೂ ಸಾಬೀತಾಗಬೇಕು. ಅಮೆರಿಕದಲ್ಲಿ ಈ ಎರಡು ಕೆಲಸಕ್ಕೆ ಎರಡು ಕಚೇರಿ. ಬೆಲೆಯ ಅಂತರವನ್ನು ಲೆಕ್ಕ ಹಾಕುವುದು ವಾಣಿಜ್ಯ ಇಲಾಖೆ. ಹಾನಿಯಾಗಿದೆಯೇ ಎಂದು ತೀರ್ಮಾನಿಸುವುದು ಅಂತರರಾಷ್ಟ್ರೀಯ ವ್ಯಾಪಾರ ಆಯೋಗ.

ಈಗ ನಮ್ಮೆಲ್ಲರ ಮನೆಯಲ್ಲಿರುವ ವಾಷಿಂಗ್ ಮಷೀನಿನ ಕಥೆಗೆ ಬರೋಣ. 2011ರ ಕೊನೆಯಲ್ಲಿ ವರ್ಲ್‌ಪೂಲ್ ಕಂಪನಿ ದೂರು ಕೊಟ್ಟಿತು. ಕೊರಿಯಾ ಮತ್ತು ಮೆಕ್ಸಿಕೋದಿಂದ ಬರುವ ದೊಡ್ಡ ವಾಷರ್‌ಗಳು ನ್ಯಾಯವಾದ ಬೆಲೆಗಿಂತ ಕಡಿಮೆಗೆ ಮಾರಾಟವಾಗುತ್ತಿವೆ ಎಂಬುದು ಅದರ ವಾದ. 2013ರ ಆರಂಭದಲ್ಲಿ ಸುಂಕ ಜಾರಿಗೆ ಬಂತು. ಸ್ಯಾಮ್‌ಸಂಗ್ ಮತ್ತು ಎಲ್‌ಜಿ ಅಮೆರಿಕಕ್ಕೆ ಕಳಿಸುವ ಯಂತ್ರಗಳ ತಯಾರಿಕೆಯನ್ನು ಚೀನಾಕ್ಕೆ ಸಾಗಿಸಿದವು. ಮತ್ತೆ ದೂರು. 2017ರ ಆರಂಭದಲ್ಲಿ ಚೀನಾದ ವಾಷರ್‌ಗಳ ಮೇಲೆ ಶೇ 32ರಿಂದ 52ರವರೆಗೆ ಸುಂಕ ಬಿತ್ತು. ಅಷ್ಟು ಹೊತ್ತಿಗೆ ತಯಾರಿಕೆ ಥಾಯ್ಲೆಂಡ್ ಮತ್ತು ವಿಯೆಟ್ನಾಂ ಸೇರಿತ್ತು! ಇಲಿ ಒಂದು ಬಿಲದಿಂದ ಇನ್ನೊಂದು ಬಿಲಕ್ಕೆ ಓಡಿದ ಹಾಗೆ. ಆ್ಯಂಟಿ ಡಂಪಿಂಗ್ ಸುಂಕ ಒಂದು ದೇಶದ ಒಂದು ಸರಕಿನ ಮೇಲಷ್ಟೇ ಬೀಳುತ್ತದೆ. ಕಾರ್ಖಾನೆ ಎದ್ದು ಪಕ್ಕದ ದೇಶಕ್ಕೆ ಹೋದರೆ ಸುಂಕ ಹಿಂದೆ ಹೋಗುವುದಿಲ್ಲ.

ಆದ್ದರಿಂದ 2018ರ ಜನವರಿಯಲ್ಲಿ ಟ್ರಂಪ್ ಸರ್ಕಾರ ಬೇರೆ ಅಸ್ತ್ರ ತೆಗೆಯಿತು. ಅದರ ಹೆಸರು ಸೇಫ್‌ಗಾರ್ಡ್ ಸುಂಕ. ಇದಕ್ಕೆ ಡಂಪಿಂಗ್ ಆಗಿದೆಯೆಂದು ತೋರಿಸಬೇಕಾಗಿಲ್ಲ, ಒಂದೇ ದೇಶಕ್ಕೆ ಸೀಮಿತವೂ ಅಲ್ಲ. ವರ್ಷದ ಮೊದಲ 12 ಲಕ್ಷ ವಾಷರ್‌ಗಳಿಗೆ ಶೇ 20, ಆಮೇಲೆ ಬಂದವಕ್ಕೆ ಶೇ 50. ನಾವು ಅಂಗಡಿಗೆ ಹೋಗಿದ್ದು ಇದಾದ ಕೆಲವು ತಿಂಗಳಿಗೆ.

ಹಾಗಾದರೆ ಡ್ರೈಯರ್ ಯಾಕೆ ಏರಿತು? ಆ್ಯರನ್ ಫ್ಲಾಯೆನ್, ಅಲಿ ಹೊರ್ಟಾಚ್ಸು, ಫೆಲಿಕ್ಸ್ ಟಿಂಟೆಲ್ನಾಟ್ ಎಂಬ ಮೂವರು ಅರ್ಥಶಾಸ್ತ್ರಜ್ಞರು ಇದನ್ನೇ ಅಧ್ಯಯನ ಮಾಡಿ 2020ರಲ್ಲಿ ಪ್ರಕಟಿಸಿದರು. ವಾಷರ್ ಬೆಲೆ ಸುಮಾರು ಶೇ 12ರಷ್ಟು, ಅಂದರೆ ಸರಾಸರಿ 86 ಡಾಲರ್ ಏರಿತ್ತು. ಸುಂಕವೇ ಇಲ್ಲದ ಡ್ರೈಯರ್ 92 ಡಾಲರ್ ಏರಿತ್ತು. ಕಾರಣ ಸರಳ. ಜನ ಈ ಎರಡನ್ನೂ ಜೋಡಿಯಾಗಿ ಕೊಳ್ಳುತ್ತಾರೆ, ಮಾರುವವರು ಏರಿಕೆಯನ್ನು ಎರಡರ ಮೇಲೂ ಹಂಚಿದರು. ಇಲ್ಲೇ ತಯಾರಾದ ವಾಷರ್‌ಗಳೂ ತುಟ್ಟಿಯಾದವು.

ಈ ಲೆಕ್ಕಕ್ಕೆ ಇನ್ನೊಂದು ಮಗ್ಗುಲೂ ಇದೆ. ಸ್ಯಾಮ್‌ಸಂಗ್ ದಕ್ಷಿಣ ಕ್ಯಾರೊಲಿನಾದ ನ್ಯೂಬೆರಿಯಲ್ಲಿ, ಎಲ್‌ಜಿ ಟೆನೆಸಿಯ ಕ್ಲಾರ್ಕ್ಸ್‌ವಿಲ್‌ನಲ್ಲಿ ಕಾರ್ಖಾನೆ ತೆರೆದವು. ಓಹಾಯೊದ ಕ್ಲೈಡ್ ಎಂಬ ಸಣ್ಣ ಊರಿನಲ್ಲಿ ವರ್ಲ್‌ಪೂಲ್ ಕಾರ್ಖಾನೆಯಿದೆ. ಅಲ್ಲಿ ಕೆಲಸ ಮಾಡುವವರಿಗೆ ಈ ಸುಂಕ ಪತ್ರಿಕೆಯ ಸುದ್ದಿಯಲ್ಲ, ಮನೆಯ ಅನ್ನದ ಪ್ರಶ್ನೆ. ಒಟ್ಟು ಸುಮಾರು 1,800 ಕೆಲಸಗಳು ಹುಟ್ಟಿದವು ಎಂದು ಅದೇ ಅಧ್ಯಯನ ಹೇಳುತ್ತದೆ. ಆದರೆ ಕೊಳ್ಳುವವರ ಕೈಯಿಂದ ವರ್ಷಕ್ಕೆ ಸುಮಾರು 150 ಕೋಟಿ ಡಾಲರ್ ಹೆಚ್ಚು ಹೋಯಿತು. ಸರ್ಕಾರಕ್ಕೆ ಸುಂಕವಾಗಿ ಬಂದದ್ದು ಸುಮಾರು 8.2 ಕೋಟಿ ಡಾಲರ್. ಭಾಗಿಸಿ ನೋಡಿದರೆ ಒಂದೊಂದು ಕೆಲಸಕ್ಕೆ ವರ್ಷಕ್ಕೆ 8 ಲಕ್ಷ ಡಾಲರಿಗೂ ಮೇಲೆ. ಕ್ಲೈಡ್‌ನ ಕಾರ್ಮಿಕರಿಗೆ ರಕ್ಷಣೆ ಬೇಡ ಎಂದು ನಾನು ಹೇಳುತ್ತಿಲ್ಲ. ಅದಕ್ಕೆ ಕೊಟ್ಟ ಬೆಲೆ ಯಾರ ಚೀಲದಿಂದ ಎಷ್ಟು ಹೋಯಿತು ಎಂಬುದೂ ಎಲ್ಲರಿಗೂ ಕಾಣಬೇಕು ಎನ್ನುತ್ತಿದ್ದೇನೆ.

ಇನ್ನು ಮರುಪರಿಶೀಲನೆ. ಸೇಫ್‌ಗಾರ್ಡ್ ಸುಂಕಕ್ಕೆ ಮೊದಲೇ ಗಡುವು ಇರುತ್ತದೆ. ವಾಷರ್‌ಗಳ ಮೇಲಿನದು ಒಮ್ಮೆ ವಿಸ್ತರಣೆಯಾಗಿ 2023ರ ಫೆಬ್ರವರಿಗೆ ಮುಗಿಯಿತು. ಆ್ಯಂಟಿ ಡಂಪಿಂಗ್ ಸುಂಕ ಹಾಗಲ್ಲ. ವಿಶ್ವ ವ್ಯಾಪಾರ ಸಂಘಟನೆಯ ಒಪ್ಪಂದದ ಪ್ರಕಾರ ಐದು ವರ್ಷಕ್ಕೆ ಅದು ನಿಲ್ಲಬೇಕು. ಆದರೆ ಅಷ್ಟರೊಳಗೆ ಪರಿಶೀಲನೆ ಮಾಡಿ ಇನ್ನೂ ಬೇಕು ಎಂದು ತೀರ್ಮಾನಿಸಿದರೆ ಮುಂದುವರಿಸಬಹುದು. ಇದಕ್ಕೆ 'ಸನ್‌ಸೆಟ್ ರಿವ್ಯೂ' ಎನ್ನುತ್ತಾರೆ. ಸೂರ್ಯ ಮುಳುಗಬೇಕೋ ಬೇಡವೋ ಎಂದು ಸಭೆ ಸೇರಿ ನಿರ್ಧರಿಸಿದಂತೆ! ಅಲ್ಲಿ ಕೇಳುವ ಪ್ರಶ್ನೆ ಇಷ್ಟೆ: ಸುಂಕ ತೆಗೆದರೆ ಡಂಪಿಂಗ್ ಮತ್ತೆ ಆಗುವ ಸಂಭವವಿದೆಯೇ, ಅದರಿಂದ ಇಲ್ಲಿನ ಉದ್ಯಮಕ್ಕೆ ಮತ್ತೆ ಹಾನಿಯಾಗುವ ಸಂಭವವಿದೆಯೇ? ಇಲ್ಲಿನ ತಯಾರಕರು ಯಾರೂ ಮುಂದೆ ಬರದಿದ್ದರೆ ಸುಂಕ ತಾನಾಗಿ ರದ್ದಾಗುತ್ತದೆ.

ವಾಷರ್‌ಗಳಿಗೆ ಈ ಪರೀಕ್ಷೆ 2019ರಲ್ಲಿ ಮುಗಿಯಿತು. ಕೊರಿಯಾದ ಮೇಲಿನ ಸುಂಕ ತೆಗೆಯಬಹುದು, ಮೆಕ್ಸಿಕೋದ್ದು ಇರಲಿ ಎಂದು ಆಯೋಗ ತೀರ್ಪು ಕೊಟ್ಟಿತು. ಅಂದರೆ ಪರಿಶೀಲನೆ ಬರೀ ಶಾಸ್ತ್ರಕ್ಕೆ ಮಾಡುವಂಥದ್ದಲ್ಲ, ಅದರಿಂದ ಸುಂಕ ಹೋಗುವುದೂ ಉಂಟು.

ಈಗ ಆ ಪೋಷಕರ ಎರಡನೆಯ ಪ್ರಶ್ನೆ. ಕೊಳ್ಳುವವರ ಕಷ್ಟ ನೋಡುತ್ತಾರಾ? ಉತ್ತರ ನಾವು ಯಾವ ದೇಶದಲ್ಲಿದ್ದೇವೆ ಎಂಬುದರ ಮೇಲಿದೆ. ಯುರೋಪಿಯನ್ ಒಕ್ಕೂಟದಲ್ಲಿ ಸುಂಕ ಹಾಕುವ ಮುನ್ನ ಬಳಕೆದಾರರೂ ಸೇರಿದಂತೆ ಇಡೀ ಒಕ್ಕೂಟದ ಹಿತವನ್ನು ತೂಗಿ ನೋಡಬೇಕು. ಬ್ರಿಟನ್‌ನಲ್ಲಿ ಆರ್ಥಿಕ ಹಿತದ ಪರೀಕ್ಷೆ ಇದೆ. ಕೆನಡಾದಲ್ಲಿ ಸಾರ್ವಜನಿಕ ಹಿತದ ವಿಚಾರಣೆಗೆ ಅವಕಾಶವಿದೆ. ಅಮೆರಿಕದ ಆ್ಯಂಟಿ ಡಂಪಿಂಗ್ ಕಾನೂನಿನಲ್ಲಿ ಇಂಥ ತಕ್ಕಡಿ ಇಲ್ಲ. ಡಂಪಿಂಗ್ ಇದೆ, ಹಾನಿ ಇದೆ ಎಂದಾದರೆ ಸುಂಕ ಬೀಳುತ್ತದೆ. ಡ್ರೈಯರಿಗೆ ನಾವು ಕೊಟ್ಟ 92 ಡಾಲರ್ ಆ ಲೆಕ್ಕಕ್ಕೇ ಬರುವುದಿಲ್ಲ. ತಯಾರಕರು ವಕೀಲರನ್ನು ಇಟ್ಟುಕೊಂಡು ಬರುತ್ತಾರೆ, ಆಮದುದಾರರೂ ಬರುತ್ತಾರೆ, ಕಾರ್ಮಿಕ ಸಂಘಗಳಿಗೂ ಜಾಗವಿದೆ. ಕೋಟ್ಯಂತರ ಮನೆಗಳಿಂದ ತೊಂಬತ್ತು ತೊಂಬತ್ತು ಡಾಲರ್ ಹೋದರೆ, ಅದಕ್ಕಾಗಿ ವಕೀಲರನ್ನು ಹಿಡಿಯುವವರು ಯಾರು?

ಹಾಗೆಂದು ಬಾಯಿಗೆ ಬೀಗ ಹಾಕಿಲ್ಲ. ಆಯೋಗದ ಪರಿಶೀಲನೆಯ ಪ್ರಕಟಣೆ ಫೆಡರಲ್ ರಿಜಿಸ್ಟರ್‌ನಲ್ಲಿ ಬರುತ್ತದೆ. ಪ್ರಕರಣದ ಕಕ್ಷಿಯಲ್ಲದವರೂ ತಮ್ಮ ಮಾತನ್ನು ಚಿಕ್ಕ ಹೇಳಿಕೆಯಾಗಿ ಬರೆದು ಸಲ್ಲಿಸಬಹುದು. ಕಾನೂನು ಕೇಳುವ ಪ್ರಶ್ನೆ ಅದರಿಂದ ಬದಲಾಗದು. ಕಾನೂನನ್ನು ಬದಲಿಸಬಲ್ಲವರು ಕಾಂಗ್ರೆಸ್ ಸದಸ್ಯರು, ಅವರಿಗೂ ಪತ್ರ ಬರೆಯಬಹುದು. ಬೆಲೆಪಟ್ಟಿಯ ಮುಂದೆ ಗೊಣಗುವುದಕ್ಕಿಂತ ಇದು ಮೇಲು. ನಮ್ಮ ಹೈಸ್ಕೂಲ್ ಮಕ್ಕಳಿಗೆ ಒಳ್ಳೆಯ ಪಾಠವೂ ಹೌದು: ಒಂದು ಸುಂಕದ ಸುದ್ದಿ ತೆಗೆದುಕೊಂಡು, ಯಾರಿಗೆ ಲಾಭ, ಯಾರಿಗೆ ಖರ್ಚು ಎಂದು ಎರಡು ಕಾಲಂ ಬರೆದು ಕನ್ನಡದಲ್ಲೇ ವಿವರಿಸಲಿ.

ಮಾವನಿಗೆ ಆಮೇಲೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. "ಅಂತೂ ಹಾಕದಿದ್ದ ಸುಂಕಾನೂ ನಾವೇ ಕಟ್ಟಿದ್ವಿ ಅನ್ನು" ಎಂದು ನಕ್ಕರು.

ಮುಂದಿನ ತಿಂಗಳು ಮತ್ತೆ ಸಿಗೋಣ. ನಿಮ್ಮ ಮನೆ ಲೆಕ್ಕದ ಪ್ರಶ್ನೆಗಳನ್ನು ಶಾಲೆಯ ಇಮೇಲ್‌ಗೆ ಕಳಿಸಿ.